ಗಣಕಯಂತ್ರ ಜಾಲ: ಮೂಲ ಪರಿಚಯ ಮತ್ತು ಜೋಡಣೆಯ ಕ್ರಮಗಳು

(ದುದ್ದ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರು, ಸಿಬ್ಬಂದಿ ವರ್ಗ, ಅರಿವು ಕೇಂದ್ರಗಳ ಮೇಲ್ವಿಚಾರಕರು ಹಾಗೂ ವಿದ್ಯಾರ್ಥಿ ಓದುಗರಿಗಾಗಿ ಅಧ್ಯಯನ ಲೇಖನ)

ಪೀಠಿಕೆ

ಗ್ರಾಮ ಪಂಚಾಯಿತಿ ಕಚೇರಿ, ನಾಡಕಚೇರಿ, ನ್ಯಾಯಬೆಲೆ ಅಂಗಡಿ, ಅಂಚೆ ಕಚೇರಿ, ಬ್ಯಾಂಕು ಮೊದಲಾದ ಸ್ಥಳಗಳಲ್ಲಿ ಇಂದು ಗಣಕಯಂತ್ರವಿಲ್ಲದೆ ಕೆಲಸ ನಡೆಯುವುದಿಲ್ಲ. ಆದರೆ ಆ ಯಂತ್ರವು ಒಂಟಿಯಾಗಿ ನಿಂತು ಮಾಡಬಲ್ಲ ಕಾರ್ಯ ಅತ್ಯಲ್ಪ. ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಅಥವಾ 11ನ್ನು ನೀಡುವುದಾಗಲಿ, ಪಡಿತರ ಚೀಟಿದಾರರ ಬೆರಳಚ್ಚನ್ನು ತಾಳೆ ನೋಡುವುದಾಗಲಿ, ಪಹಣಿಯನ್ನು ಮುದ್ರಿಸಿಕೊಡುವುದಾಗಲಿ, ದೂರದಲ್ಲಿರುವ ಮತ್ತೊಂದು ಯಂತ್ರದೊಡನೆ ಮಾತುಕತೆ ನಡೆದಾಗ ಮಾತ್ರ ಸಾಧ್ಯ. ಈ ಮಾತುಕತೆಗೆ ದಾರಿ ಮಾಡಿಕೊಡುವ ವ್ಯವಸ್ಥೆಯೇ ಗಣಕಯಂತ್ರ ಜಾಲ.

ಆ ದಾರಿ ಕಡಿದಾಗ ಸಾರ್ವಜನಿಕರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಸರ್ವರ್ ಇಲ್ಲ, ನಾಳೆ ಬನ್ನಿ." ಕೂಲಿಯನ್ನು ಬಿಟ್ಟು, ಬಸ್ಸಿನ ವೆಚ್ಚ ಭರಿಸಿ ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ವಾಸ್ತವದಲ್ಲಿ ಈ ಒಂದು ಉತ್ತರದ ಹಿಂದೆ ನಾಲ್ಕೈದು ಬೇರೆ ಬೇರೆ ದೋಷಗಳು ಅಡಗಿರಬಹುದು. ಕೆಲವನ್ನು ಕಚೇರಿಯಲ್ಲಿಯೇ ಐದು ನಿಮಿಷದಲ್ಲಿ ಸರಿಪಡಿಸಬಹುದು. ಕೆಲವನ್ನು ತಂತಿಯ ನಿರ್ವಹಣೆ ಮಾಡುವವರಿಗೆ ತಿಳಿಸಬೇಕು. ಇನ್ನು ಕೆಲವಕ್ಕೆ ಕಾಯುವುದೊಂದೇ ದಾರಿ. ಯಾವುದು ಯಾವುದೆಂದು ಬೇರ್ಪಡಿಸಿ ತಿಳಿಯಬೇಕಾದರೆ ಜಾಲವು ಹೇಗೆ ಜೋಡಣೆಗೊಂಡಿದೆ ಎಂಬ ಅರಿವು ಅವಶ್ಯಕ. ಪ್ರಸ್ತುತ ಲೇಖನದ ಉದ್ದೇಶ ಇದೇ.

1. ಜಾಲ ಎಂದರೇನು?

ಎರಡು ಅಥವಾ ಹೆಚ್ಚು ಸಾಧನಗಳು ಒಂದು ಮಾಧ್ಯಮದ ಮೂಲಕ ಪರಸ್ಪರ ಜೋಡಣೆಗೊಂಡು, ಒಪ್ಪಿತ ನಿಯಮಗಳ ಪ್ರಕಾರ ಮಾಹಿತಿಯನ್ನು ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆಗೆ ಜಾಲ ಎನ್ನುತ್ತೇವೆ. ಈ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಸಾಧನ, ಇದನ್ನು ಘಟಕ ಅಥವಾ ನೋಡ್ ಎಂದು ಕರೆಯುತ್ತಾರೆ. ಎರಡನೆಯದು ಸಾಧನಗಳನ್ನು ಬೆಸೆಯುವ ಕೊಂಡಿ. ಅದು ತಾಮ್ರದ ತಂತಿಯಾಗಿರಬಹುದು, ಬೆಳಕನ್ನು ಸಾಗಿಸುವ ಆಪ್ಟಿಕಲ್ ಫೈಬರ್ ಆಗಿರಬಹುದು, ರೇಡಿಯೋ ತರಂಗವಾಗಿರಬಹುದು. ಮೂರನೆಯದು ನಿಯಮಾವಳಿ, ಅಂದರೆ ಪ್ರೋಟೋಕಾಲ್. ತಂತಿ ಸರಿಯಾಗಿದ್ದರೂ ನಿಯಮ ಹೊಂದದಿದ್ದರೆ ಎರಡು ಯಂತ್ರಗಳು ಮಾತನಾಡಲಾರವು.

ಒಂಟಿ ಯಂತ್ರಕ್ಕೂ ಜಾಲಕ್ಕೂ ಇರುವ ವ್ಯತ್ಯಾಸಕ್ಕೆ ನಮ್ಮ ರಾಜ್ಯದ ಭೂಮಿ ಯೋಜನೆಯೇ ಉತ್ತಮ ನಿದರ್ಶನ. ಯೋಜನೆಯ ಆರಂಭದ ವರ್ಷಗಳಲ್ಲಿ ಪ್ರತಿಯೊಂದು ತಾಲ್ಲೂಕಿನ ಪಹಣಿ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಗಣಕಯಂತ್ರದಲ್ಲಿಯೇ ಇರುತ್ತಿತ್ತು. ಪಹಣಿ ಬೇಕಾದ ರೈತರು ತಾಲ್ಲೂಕು ಕೇಂದ್ರಕ್ಕೇ ಹೋಗಬೇಕಾಗಿತ್ತು. ಮುಂದೆ ದತ್ತಾಂಶವು ರಾಜ್ಯ ಮಟ್ಟದಲ್ಲಿ ಒಂದೆಡೆ ಸೇರಿ, ಜಾಲದ ಮೂಲಕ ಲಭ್ಯವಾದ ಬಳಿಕ ಅದೇ ಪಹಣಿಯನ್ನು ಹೋಬಳಿ ಕೇಂದ್ರದಲ್ಲಿಯೂ ಕೈಯಲ್ಲಿನ ಮೊಬೈಲಿನಲ್ಲಿಯೂ ನೋಡುವಂತಾಯಿತು. ದೂರ ತಗ್ಗಿತು, ಅದರ ಜೊತೆಯಲ್ಲಿಯೇ ಜಾಲದ ಮೇಲಿನ ಅವಲಂಬನೆ ಹೆಚ್ಚಿತು. ಇಂದು ತಂತಿ ಕಡಿದರೆ ಪಹಣಿಯೂ ನಿಲ್ಲುತ್ತದೆ.

2. ವಿಸ್ತಾರದ ಆಧಾರದ ಮೇಲೆ ಜಾಲದ ವಿಧಗಳು

(ಅ) ಸ್ಥಳೀಯ ಜಾಲ ಅಥವಾ ಲ್ಯಾನ್: ಒಂದು ಕಟ್ಟಡ ಅಥವಾ ಆವರಣದೊಳಗಿನ ಜಾಲ. ಪಂಚಾಯಿತಿ ಕಚೇರಿಯ ಎರಡು ಗಣಕಯಂತ್ರ, ಒಂದು ಮುದ್ರಣಯಂತ್ರ ಹಾಗೂ ಒಂದು ವೈಫೈ ಸಾಧನ ಸೇರಿದರೆ ಅದೊಂದು ಲ್ಯಾನ್.

(ಆ) ನಗರ ವ್ಯಾಪ್ತಿಯ ಜಾಲ ಅಥವಾ ಮ್ಯಾನ್: ಒಂದು ಪಟ್ಟಣದ ಅನೇಕ ಕಟ್ಟಡಗಳನ್ನು ಬೆಸೆಯುವ ಜಾಲ.

(ಇ) ವಿಶಾಲ ವ್ಯಾಪ್ತಿಯ ಜಾಲ ಅಥವಾ ವ್ಯಾನ್: ತಾಲ್ಲೂಕು, ಜಿಲ್ಲೆ, ರಾಜ್ಯಗಳನ್ನು ದಾಟಿ ಹಬ್ಬಿದ ಜಾಲ. ರಾಜ್ಯದ ಸರ್ಕಾರಿ ಕಚೇರಿಗಳನ್ನು ಬೆಸೆಯುವ ಕೆಸ್ವಾನ್ ಇದಕ್ಕೆ ಉದಾಹರಣೆ.

ಇಂತಹ ಅಸಂಖ್ಯಾತ ಜಾಲಗಳು ಒಂದಕ್ಕೊಂದು ಸೇರಿ ಆದ ಜಾಲಗಳ ಜಾಲವೇ ಅಂತರ್ಜಾಲ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು.

3. ಜಾಲದ ಪ್ರಮುಖ ಅಂಗಗಳು

ಸ್ವಿಚ್: ಒಂದು ಕಚೇರಿಯೊಳಗಿನ ಸಾಧನಗಳೆಲ್ಲವೂ ಬಂದು ಸೇರುವ ಪೆಟ್ಟಿಗೆ. ಒಂದು ಯಂತ್ರದಿಂದ ಬಂದ ಮಾಹಿತಿಯನ್ನು ಅದು ಸೇರಬೇಕಾದ ಯಂತ್ರಕ್ಕೆ ಮಾತ್ರ ಕಳುಹಿಸುತ್ತದೆ. ಹಿಂದೆ ಬಳಕೆಯಲ್ಲಿದ್ದ ಹಬ್ ಎಂಬ ಸಾಧನವು ಬಂದುದನ್ನೆಲ್ಲ ಎಲ್ಲರಿಗೂ ಹಂಚುತ್ತಿತ್ತು. ಆದಕಾರಣ ದಟ್ಟಣೆ ಹೆಚ್ಚುತ್ತಿತ್ತು.

ರೂಟರ್: ಒಂದು ಜಾಲವನ್ನು ಮತ್ತೊಂದು ಜಾಲಕ್ಕೆ ಬೆಸೆದು, ಮಾಹಿತಿಗೆ ದಾರಿ ತೋರಿಸುವ ಸಾಧನ. ಕಚೇರಿಯ ಒಳಗಿನ ಮಾತು ಸ್ವಿಚ್‌ನಲ್ಲಿ ಮುಗಿಯುತ್ತದೆ; ಹೊರಗಿನ ಮಾತು ರೂಟರನ್ನು ದಾಟಿ ಹೋಗಬೇಕು.

ಒಎನ್‌ಟಿ: ಫೈಬರ್‌ನಲ್ಲಿ ಬೆಳಕಾಗಿ ಬಂದ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಪೆಟ್ಟಿಗೆ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಒಎನ್‌ಟಿಗೆ ಕಚೇರಿಯಲ್ಲಿಯೇ ವಿದ್ಯುತ್ ದೊರೆಯಬೇಕು. ಕರೆಂಟ್ ಹೋಗಿ ಯುಪಿಎಸ್ ಕೆಲಸ ಮಾಡದಿದ್ದರೆ, ಫೈಬರ್ ಸರಿಯಾಗಿದ್ದರೂ ಸಂಪರ್ಕವಿರುವುದಿಲ್ಲ.

ಸರ್ವರ್: ಕೇಳಿದ ಮಾಹಿತಿಯನ್ನು ಒದಗಿಸುವ ಯಂತ್ರ. ಇ-ಸ್ವತ್ತು, ಪಂಚತಂತ್ರ ಮೊದಲಾದ ತಂತ್ರಾಂಶಗಳ ಸರ್ವರ್ ನಮ್ಮ ಹೋಬಳಿಯಲ್ಲಿಲ್ಲ. "ಸರ್ವರ್ ಇಲ್ಲ" ಎಂಬ ಮಾತು ಈ ಒಂದು ಯಂತ್ರ ಕೆಟ್ಟಾಗ ಮಾತ್ರ ಸರಿಯಾದದ್ದು.

ತಂತಿ: ಕಚೇರಿಯೊಳಗೆ ಬಳಸುವ ತಿರುಚು ಜೋಡಿ ತಾಮ್ರದ ತಂತಿಯ ಒಂದು ಎಳೆತಕ್ಕೆ 100 ಮೀಟರ್ ಮಿತಿಯಿದೆ. ಪಂಚಾಯಿತಿ ಕಚೇರಿಯಿಂದ 300 ಮೀಟರ್ ದೂರದ ಶಾಲೆಗೆ ಇದನ್ನು ನೇರವಾಗಿ ಎಳೆದರೆ ಸಂಪರ್ಕ ನೆಚ್ಚಿಕೆಯಾಗಿ ನಡೆಯುವುದಿಲ್ಲ. ಅಲ್ಲಿಗೆ ಫೈಬರ್ ಅಥವಾ ನಿಸ್ತಂತು ಕೊಂಡಿಯೇ ಯೋಗ್ಯ.

4. ವಿಳಾಸ ಮತ್ತು ಪೊಟ್ಟಣ

ಅಂಚೆಗೆ ವಿಳಾಸ ಇರುವಂತೆ ಜಾಲದ ಪ್ರತಿಯೊಂದು ಸಾಧನಕ್ಕೂ ಸಂಖ್ಯಾರೂಪದ ವಿಳಾಸವಿರುತ್ತದೆ. ಇದಕ್ಕೆ ಐಪಿ ವಿಳಾಸವೆಂದು ಹೆಸರು. ನಾಲ್ಕನೆಯ ಆವೃತ್ತಿಯ ವಿಳಾಸವು 32 ಬಿಟ್‌ಗಳದ್ದು. ಆದ್ದರಿಂದ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಜಗತ್ತಿನ ಜನಸಂಖ್ಯೆಗಿಂತ ಇದು ಕಡಿಮೆ. ಈ ಕೊರತೆಯನ್ನು ನೀಗಿಸಲು 128 ಬಿಟ್‌ಗಳ ಆರನೆಯ ಆವೃತ್ತಿ ಬಂದಿದೆ. ಕಚೇರಿಯೊಳಗಿನ ಯಂತ್ರಗಳಲ್ಲಿ ಕಾಣುವ 192.168ರಿಂದ ಆರಂಭವಾಗುವ ವಿಳಾಸಗಳು ಖಾಸಗಿ ವಿಳಾಸಗಳು. ಒಂದೇ ಸಂಖ್ಯೆ ಬೇರೆ ಬೇರೆ ಕಚೇರಿಗಳಲ್ಲಿ ಇರಬಹುದು. ಆದರೆ ಒಂದೇ ಕಚೇರಿಯ ಎರಡು ಯಂತ್ರಗಳಿಗೆ ಒಂದೇ ವಿಳಾಸ ಕೊಟ್ಟರೆ ಎರಡಕ್ಕೂ ತೊಂದರೆಯಾಗುತ್ತದೆ.

ಮನುಷ್ಯರು ಸಂಖ್ಯೆಗಿಂತ ಹೆಸರನ್ನು ಸುಲಭವಾಗಿ ನೆನಪಿಡುತ್ತಾರೆ. ನಾವು ಟೈಪ್ ಮಾಡಿದ ಜಾಲತಾಣದ ಹೆಸರನ್ನು ಸಂಖ್ಯೆಗೆ ಬದಲಾಯಿಸಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಇದು ವಿಫಲವಾದರೆ ತಂತಿಯೂ ಸರ್ವರೂ ಸರಿಯಾಗಿದ್ದರೂ ಪುಟ ತೆರೆಯುವುದಿಲ್ಲ.

ಮಾಹಿತಿಯು ಇಡಿಯಾಗಿ ಸಾಗುವುದಿಲ್ಲ; ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ ಒಂದು ಪೊಟ್ಟಣವು ಗರಿಷ್ಠ 1,500 ಬೈಟ್ ಹೊರಬಲ್ಲದು. 3 ಲಕ್ಷ ಬೈಟ್ ಗಾತ್ರದ ಒಂದು ಛಾಯಾಚಿತ್ರವನ್ನು ಕಳುಹಿಸಿದರೆ ಅದು 200ಕ್ಕೂ ಹೆಚ್ಚು ಪೊಟ್ಟಣಗಳಾಗಿ ಒಡೆದು ಹೋಗಿ, ಆಚೆಯ ತುದಿಯಲ್ಲಿ ಕ್ರಮವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ವಿಳಾಸವಿರುವುದರಿಂದ ಒಂದು ದಾರಿ ಮುಚ್ಚಿದಾಗ ಅದು ಇನ್ನೊಂದು ದಾರಿಯಲ್ಲಿ ಸಾಗಬಹುದು. ಆದರೆ ಅದಕ್ಕೆ ಇನ್ನೊಂದು ದಾರಿ ಇರಬೇಕು. ಅದು ಇದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದೇ ಜೋಡಣೆಯ ಕ್ರಮ.

5. ಜೋಡಣೆಯ ಕ್ರಮಗಳು

ಸಾಧನಗಳನ್ನು ಕೊಂಡಿಗಳಿಂದ ಯಾವ ಆಕಾರದಲ್ಲಿ ಬೆಸೆದಿದೆ ಎಂಬುದಕ್ಕೆ ಟೊಪಾಲಜಿ ಅಥವಾ ಜೋಡಣಾ ಕ್ರಮ ಎನ್ನುತ್ತಾರೆ. ತಿಳಿಯಲು ಅನುಕೂಲವಾಗಲೆಂದು ನಮ್ಮ ಜಿಲ್ಲೆಯ 7 ತಾಲ್ಲೂಕು ಕೇಂದ್ರಗಳನ್ನೇ ಘಟಕಗಳೆಂದು ಭಾವಿಸೋಣ. ಕೆಳಗಿನವು ಪಾಠಕ್ಕಾಗಿ ಬರೆದ ಚಿತ್ರಗಳೇ ಹೊರತು ನೆಲದಲ್ಲಿರುವ ತಂತಿಗಳ ನಕ್ಷೆಯಲ್ಲ.

(ಅ) ಸಾಲು ಜೋಡಣೆ: ಮಳವಳ್ಳಿ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಕ್ರಮದಲ್ಲಿ ಒಂದರ ಮುಂದೊಂದನ್ನು ಬೆಸೆದರೆ 6 ಕೊಂಡಿಗಳು ಸಾಕು. ಖರ್ಚು ಕಡಿಮೆ. ಆದರೆ ಮದ್ದೂರು ಮತ್ತು ಮಂಡ್ಯದ ನಡುವಣ ಒಂದು ಕೊಂಡಿ ಕಡಿದರೆ ಮದ್ದೂರು, ಮಳವಳ್ಳಿ ಎರಡೂ ಉಳಿದ ಐದರಿಂದ ದೂರವಾಗುತ್ತವೆ. ಎಲ್ಲ ಸಾಧನಗಳೂ ಒಂದೇ ತಂತಿಗೆ ಅಂಟಿಕೊಳ್ಳುವ ಬಸ್ ಜೋಡಣೆಯೂ ಇದರ ಹತ್ತಿರದ ಸಂಬಂಧಿ. ಹಳೆಯ ಈಥರ್ನೆಟ್ ಜಾಲಗಳು ಹೀಗಿದ್ದವು.

(ಆ) ನಕ್ಷತ್ರ ಜೋಡಣೆ: ಮಂಡ್ಯವನ್ನು ನಡುವೆ ಇರಿಸಿ ಉಳಿದ ಆರನ್ನೂ ನೇರವಾಗಿ ಅದಕ್ಕೆ ಬೆಸೆಯುವುದು. ಇಲ್ಲಿಯೂ 6 ಕೊಂಡಿಗಳು. ಒಂದು ಕೊಂಡಿ ಕಡಿದರೆ ಒಂದು ತಾಲ್ಲೂಕಿಗೆ ಮಾತ್ರ ತೊಂದರೆ. ಆದರೆ ಮಂಡ್ಯದ ಸಾಧನವೇ ಕೆಟ್ಟರೆ ಎಲ್ಲವೂ ನಿಲ್ಲುತ್ತದೆ. ಕಚೇರಿಯೊಳಗಿನ ಸ್ವಿಚ್ ಆಧಾರಿತ ಜಾಲ ಈ ಬಗೆಯದು.

(ಇ) ವೃಕ್ಷ ಜೋಡಣೆ: ಬುಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ ಒಡೆಯುವ ಕ್ರಮ. ಇದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ವಿವರಿಸಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗವನ್ನು ದಾಟಿ, ಮದ್ದೂರು ಶಾಖೆ, ತುರುಗನೂರು ಶಾಖೆ ಮೊದಲಾದ ಶಾಖಾ ನಾಲೆಗಳಾಗಿ ಒಡೆದು, ಅಲ್ಲಿಂದ ವಿತರಣಾ ನಾಲೆ, ತೂಬು, ಹೊಲಗಾಲುವೆಗಳ ಮೂಲಕ ಗದ್ದೆ ಸೇರುತ್ತದೆ. ಮೇಲ್ಭಾಗದಲ್ಲಿ ಏರಿ ಒಡೆದರೆ ಕೆಳಗಿನವರೆಲ್ಲರಿಗೂ ನೀರಿಲ್ಲ. ಕೆಳಗಿನ ತೂಬು ಕಟ್ಟಿಕೊಂಡರೆ ಆ ತೂಬಿನವರಿಗೆ ಮಾತ್ರ ನೀರಿಲ್ಲ. ಕೊನೆ ಭಾಗದ ರೈತರ ಸಂಕಟವು ನೀರಿನ ಪ್ರಮಾಣದಿಂದ ಮಾತ್ರವಲ್ಲದೆ ಜೋಡಣೆಯ ಆಕಾರದಿಂದಲೂ ಹುಟ್ಟುವಂಥದ್ದು. ನಾಲೆಯಲ್ಲಿ ನೀರು ಒಂದೇ ದಿಕ್ಕಿಗೆ ಹರಿದರೆ ಜಾಲದಲ್ಲಿ ಮಾಹಿತಿ ಎರಡೂ ದಿಕ್ಕಿಗೆ ಸಾಗುತ್ತದೆ ಎಂಬ ವ್ಯತ್ಯಾಸವನ್ನು ಮಾತ್ರ ಮರೆಯಬಾರದು.

(ಈ) ಉಂಗುರ ಜೋಡಣೆ: ಮೇಲಿನ ಸಾಲಿನಲ್ಲಿ ಕೊನೆಯ ನಾಗಮಂಗಲವನ್ನು ಮೊದಲಿನ ಮಳವಳ್ಳಿಗೆ ಬೆಸೆದರೆ 7 ಕೊಂಡಿಗಳ ಉಂಗುರವಾಗುತ್ತದೆ. ಈಗ ಮದ್ದೂರು ಮತ್ತು ಮಂಡ್ಯದ ನಡುವೆ ಕೊಂಡಿ ಕಡಿದರೂ ಮದ್ದೂರಿನ ಮಾಹಿತಿಯು ಮಳವಳ್ಳಿ, ನಾಗಮಂಗಲಗಳನ್ನು ಬಳಸಿಕೊಂಡು ಮಂಡ್ಯ ಸೇರಬಲ್ಲದು. ಒಂದೇ ಒಂದು ಹೆಚ್ಚುವರಿ ಕೊಂಡಿ ಎಲ್ಲ ಏಳು ಕೇಂದ್ರಗಳಿಗೂ ಎರಡನೆಯ ದಾರಿಯನ್ನು ಒದಗಿಸಿತು. ಎರಡು ಕಡೆ ಏಕಕಾಲದಲ್ಲಿ ಕಡಿದರೆ ಮಾತ್ರ ಉಂಗುರವು ಎರಡು ತುಂಡಾಗುತ್ತದೆ.

(ಉ) ಪೂರ್ಣ ಬಲೆ ಜೋಡಣೆ: ಪ್ರತಿಯೊಂದನ್ನೂ ಪ್ರತಿಯೊಂದಕ್ಕೂ ನೇರವಾಗಿ ಬೆಸೆಯುವುದು. ಘಟಕಗಳ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ಬೇಕಾದ ಕೊಂಡಿಗಳ ಲೆಕ್ಕ ಸಿಗುತ್ತದೆ: 7 × 6 ÷ 2 = 21. ಭದ್ರತೆ ಅತ್ಯಧಿಕ, ಖರ್ಚೂ ಅತ್ಯಧಿಕ.

ಈ ಚಿಂತನೆಗೆ ಅರವತ್ತು ವರ್ಷಗಳ ಇತಿಹಾಸವಿದೆ. ಅಮೆರಿಕದ ಪಾಲ್ ಬ್ಯಾರನ್ ಅವರು 1964ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಏಕಕೇಂದ್ರ ಜಾಲ, ಬಹುಕೇಂದ್ರ ಜಾಲ ಮತ್ತು ಹರಡಿಕೊಂಡ ಜಾಲಗಳನ್ನು ಹೋಲಿಸಿ, ಕೆಲವು ಕೊಂಡಿಗಳು ನಾಶವಾದರೂ ಸಂದೇಶವನ್ನು ತಲುಪಿಸಬಲ್ಲದ್ದು ಮೂರನೆಯದೆಂದು ತೋರಿಸಿದರು. ಪೊಟ್ಟಣಗಳಾಗಿ ಸಂದೇಶ ಕಳುಹಿಸುವ ಅರ್ಪಾನೆಟ್ ಜಾಲದಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರಂದು.

6. ಭಾರತ್‌ನೆಟ್: ಸಾಲಿನಿಂದ ಉಂಗುರಕ್ಕೆ

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಪ್ರತಿ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯ ಒದಗಿಸುವುದು ಅದರ ಗುರಿ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 8 ಬಿಟ್‌ಗಳು ಸೇರಿದರೆ ಒಂದು ಬೈಟ್. ಆದ್ದರಿಂದ 100 ಮೆಗಾಬಿಟ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ.

ಮೊದಲ ಹಂತದ ವ್ಯವಸ್ಥೆಯಲ್ಲಿ ತಾಲ್ಲೂಕು ಮಟ್ಟದ ಓಎಲ್‌ಟಿ ಎಂಬ ಸಾಧನದಿಂದ ಹೊರಟ ಫೈಬರ್, ದಾರಿಯಲ್ಲಿ ಸ್ಪ್ಲಿಟರ್‌ಗಳ ಮೂಲಕ ಕವಲೊಡೆದು ಪಂಚಾಯಿತಿಗಳ ಒಎನ್‌ಟಿಗಳನ್ನು ಸೇರುತ್ತಿತ್ತು. ಸ್ಪ್ಲಿಟರ್ ಎಂಬುದು ಬೆಳಕನ್ನು ಪಾಲು ಮಾಡುವ, ವಿದ್ಯುತ್ ಬೇಡದ ಬಿಡಿಭಾಗ. ಆಕಾರದಲ್ಲಿ ಇದು ನಾಲೆಯಂತಹ ವೃಕ್ಷವೇ. ಪ್ರತಿ ಪಂಚಾಯಿತಿಗೂ ಒಂದೇ ದಾರಿ. ರಸ್ತೆ ಅಗಲೀಕರಣ, ಕುಡಿಯುವ ನೀರಿನ ಕೊಳವೆ, ಚರಂಡಿ ಕಾಮಗಾರಿಗಳಲ್ಲಿ ಜೆಸಿಬಿಯ ಹಲ್ಲು ತಗುಲಿದರೆ ಆ ದಾರಿ ಮುಚ್ಚಿದಂತೆಯೇ.

ಈ ಮಿತಿಯನ್ನು ಅರಿತ ಕೇಂದ್ರ ಸರ್ಕಾರವು 2023ರ ಆಗಸ್ಟ್‌ನಲ್ಲಿ ₹1,39,579 ಕೋಟಿ ವೆಚ್ಚದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ಸುಮಾರು 2.64 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಉಂಗುರ ಜೋಡಣೆಗೆ ತರುವುದು, ಪಂಚಾಯಿತಿಗಳಲ್ಲಿ ರೂಟರ್ ಅಳವಡಿಸುವುದು, ವಿದ್ಯುತ್ ಬದಲಿ ವ್ಯವಸ್ಥೆ ಕಲ್ಪಿಸುವುದು ಅದರ ಮುಖ್ಯ ಅಂಶಗಳು.

7. ಕಾಗದದ ಉಂಗುರ, ನೆಲದ ಉಂಗುರ

ಜೋಡಣೆಯಲ್ಲಿ ಎರಡು ಬಗೆಯ ನೋಟಗಳಿವೆ. ಮಾಹಿತಿ ಯಾವ ಕ್ರಮದಲ್ಲಿ ಸಾಗುತ್ತದೆ ಎಂಬುದು ತಾರ್ಕಿಕ ಜೋಡಣೆ. ತಂತಿಯು ನೆಲದಲ್ಲಿ ಎಲ್ಲೆಲ್ಲಿ ಹಾದುಹೋಗಿದೆ ಎಂಬುದು ಭೌತಿಕ ಜೋಡಣೆ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ. ದುದ್ದಕ್ಕೆ ಎರಡು ದಿಕ್ಕಿನಿಂದ ಫೈಬರ್ ಬರುವಂತೆ ಕಾಗದದಲ್ಲಿ ಉಂಗುರ ಬರೆದಿದ್ದು, ಆ ಎರಡೂ ಎಳೆಗಳು ನೆಲದಲ್ಲಿ ಒಂದೇ ರಸ್ತೆಯ ಒಂದೇ ಗುಂಡಿಯಲ್ಲಿ ಮಲಗಿದ್ದರೆ, ಒಂದೇ ಬಾರಿಯ ಅಗೆತದಿಂದ ಎರಡೂ ಕಡಿಯುತ್ತವೆ. ಅಂತಹ ಉಂಗುರದಿಂದ ಖರ್ಚು ಹೆಚ್ಚುವುದೇ ಹೊರತು ಭದ್ರತೆ ಹೆಚ್ಚುವುದಿಲ್ಲ.

ಆದ್ದರಿಂದ ಕಾಮಗಾರಿ ನಡೆಯುವ ವೇಳೆ ಪಂಚಾಯಿತಿಯು ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಒಳಬರುವ ಎಳೆಯೂ ಹೊರಹೋಗುವ ಎಳೆಯೂ ಬೇರೆ ಬೇರೆ ರಸ್ತೆಯಲ್ಲಿವೆಯೇ? ಗುಂಡಿ ಮುಚ್ಚಿದ ಮೇಲೆ ಈ ಪ್ರಶ್ನೆ ಕೇಳಿ ಹೆಚ್ಚಿನ ಪ್ರಯೋಜನವಿಲ್ಲ.

8. ದೋಷ ಎಲ್ಲಿದೆ? ಪತ್ತೆಯ ಕ್ರಮ

ಸಂಪರ್ಕ ನಿಂತಾಗ ಒಳಗಿನಿಂದ ಹೊರಕ್ಕೆ ಈ ಕ್ರಮದಲ್ಲಿ ಪರಿಶೀಲಿಸತಕ್ಕದ್ದು.

(1) ಒಂದೇ ಯಂತ್ರವೋ, ಎಲ್ಲ ಯಂತ್ರಗಳೋ? ಪಕ್ಕದ ಯಂತ್ರ ಕೆಲಸ ಮಾಡುತ್ತಿದ್ದರೆ ದೋಷವು ಆ ಒಂದು ಯಂತ್ರದ ಅಥವಾ ಅದರ ತಂತಿಯದ್ದು.

(2) ಯಾವ ಯಂತ್ರವೂ ಕೆಲಸ ಮಾಡದಿದ್ದರೆ ಸ್ವಿಚ್, ರೂಟರ್, ಒಎನ್‌ಟಿಗಳಿಗೆ ವಿದ್ಯುತ್ ಇದೆಯೇ ನೋಡಬೇಕು.

(3) ಒಎನ್‌ಟಿಯ ದೀಪಗಳನ್ನು ಗಮನಿಸಬೇಕು. ಎಲ್‌ಒಎಸ್ ಎಂದು ಗುರುತಿಸಿದ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್‌ನಿಂದ ಬೆಳಕು ಬರುತ್ತಿಲ್ಲ ಎಂದರ್ಥ.

(4) ಕೆಂಪು ದೀಪ ಉರಿಯುತ್ತಿದ್ದರೆ ನೆರೆಯ ಪಂಚಾಯಿತಿಯನ್ನು ವಿಚಾರಿಸಬೇಕು. ಅದೇ ಕವಲಿನ ಪಂಚಾಯಿತಿಗಳೆಲ್ಲವೂ ನಿಂತಿದ್ದರೆ ದೋಷ ಮೇಲ್ಭಾಗದ್ದು. ನಮ್ಮದು ಮಾತ್ರ ನಿಂತಿದ್ದರೆ ಕವಲಿನಿಂದ ನಮ್ಮ ಕಚೇರಿಯವರೆಗಿನ ತುಂಡಿನದ್ದು. ನೀರಗಂಟಿಯು ನಾಲೆಯ ದೋಷ ಹುಡುಕುವ ಕ್ರಮವೂ ಇದೇ.

(5) ಬೇರೆ ಜಾಲತಾಣಗಳು ತೆರೆದು, ಬೇಕಾದ ಒಂದು ತಾಣ ಮಾತ್ರ ತೆರೆಯದಿದ್ದರೆ ಆಗ ಮಾತ್ರ "ಸರ್ವರ್ ಇಲ್ಲ" ಎನ್ನಬಹುದು.

ಈ ಐದು ಹೆಜ್ಜೆಗಳಿಗೆ ಹತ್ತು ನಿಮಿಷ ಸಾಕು. ದೂರು ಸಲ್ಲಿಸುವಾಗ "ನೆಟ್ ಬರುತ್ತಿಲ್ಲ" ಎನ್ನುವ ಬದಲು "ಒಎನ್‌ಟಿಗೆ ವಿದ್ಯುತ್ ಇದೆ, ಕೆಂಪು ದೀಪ ಉರಿಯುತ್ತಿದೆ, ನೆರೆಯ ಪಂಚಾಯಿತಿಯಲ್ಲಿ ಸಂಪರ್ಕವಿದೆ" ಎಂದು ತಿಳಿಸಿದರೆ ದುರಸ್ತಿಗೆ ಬರುವವರು ನೇರವಾಗಿ ದೋಷವಿರುವ ತುಂಡಿಗೇ ಬರಬಹುದು. ಕಾದು ನಿಂತ ನಾಗರಿಕರಿಗೂ "ನಾಳೆ ಬನ್ನಿ" ಎನ್ನುವ ಬದಲು ಮಧ್ಯಾಹ್ನ ಬರಬೇಕೋ, ಎರಡು ದಿನ ಬಿಟ್ಟು ಬರಬೇಕೋ ಎಂದು ಅಂದಾಜಿನಿಂದ ತಿಳಿಸಬಹುದು.

9. ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

ಒಂದು: ಗ್ರಾಮದ ನಕ್ಷೆಯ ಮೇಲೆ ಫೈಬರ್ ಹಾದುಹೋದ ದಾರಿ, ಅದರ ಗುರುತು ಕಲ್ಲುಗಳು ಹಾಗೂ ಕವಲುಗಳನ್ನು ಗುರುತಿಸಿ ಕಚೇರಿಯಲ್ಲಿ ತೂಗುಹಾಕುವುದು.

ಎರಡು: ಚರಂಡಿ, ಕೊಳವೆ, ರಸ್ತೆ ಕಾಮಗಾರಿಗೆ ಮುನ್ನ ಗುತ್ತಿಗೆದಾರರಿಗೆ ಆ ನಕ್ಷೆಯನ್ನು ತೋರಿಸುವುದು. ನೆಲದಡಿಯ ತಂತಿ, ಕೊಳವೆಗಳಿಗೆ ಹಾನಿಯಾಗದಂತೆ ಅಗೆಯುವ ಮುನ್ನ ಸಂಬಂಧಪಟ್ಟವರಿಗೆ ತಿಳಿಸಲು ಕೇಂದ್ರ ದೂರಸಂಪರ್ಕ ಇಲಾಖೆಯ "ಕಾಲ್ ಬಿಫೋರ್ ಯು ಡಿಗ್" ಎಂಬ ಆ್ಯಪ್ 2023ರ ಮಾರ್ಚ್‌ನಿಂದ ಲಭ್ಯವಿದೆ.

ಮೂರು: ಯುಪಿಎಸ್ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಒಎನ್‌ಟಿ ಮತ್ತು ರೂಟರ್ ಎರಡೂ ಅದಕ್ಕೆ ಜೋಡಣೆಯಾಗಿವೆಯೇ ಎಂದು ಖಚಿತಪಡಿಸಿಕೊಳ್ಳುವುದು.

ನಾಲ್ಕು: ಸಂಪರ್ಕ ನಿಂತ ದಿನಾಂಕ, ವೇಳೆ, ಪತ್ತೆಯಾದ ದೋಷ ಮತ್ತು ಸರಿಯಾದ ವೇಳೆಯನ್ನು ಒಂದು ವಹಿಯಲ್ಲಿ ದಾಖಲಿಸುವುದು. ಆರು ತಿಂಗಳ ವಹಿಯು ಯಾವ ತುಂಡು ಪದೇ ಪದೇ ಕಡಿಯುತ್ತದೆ ಎಂಬುದನ್ನು ತಾನೇ ತೋರಿಸುತ್ತದೆ. ಸಾಮಾನ್ಯ ಸಭೆಯಲ್ಲಿ ಎರಡನೆಯ ದಾರಿಗಾಗಿ ಬೇಡಿಕೆ ಮಂಡಿಸಲು ಅದೇ ಆಧಾರವಾಗುತ್ತದೆ.

ಸಾರಾಂಶ

ಜಾಲದ ಸಾಧನಗಳು ಎಷ್ಟೇ ಉತ್ತಮವಾಗಿದ್ದರೂ ಒಂದು ಕೊಂಡಿ ಕಡಿದಾಗ ಎಷ್ಟು ಜನರಿಗೆ ಸೇವೆ ನಿಲ್ಲುತ್ತದೆ ಎಂಬುದನ್ನು ಅದರ ಜೋಡಣೆಯೇ ನಿರ್ಧರಿಸುತ್ತದೆ. ಒಂದೇ ದಾರಿಯಿರುವ ಊರಿಗೆ ಒಂದು ಕಡಿತ ಸಾಕು. ಬೇರೆ ಬೇರೆ ರಸ್ತೆಯ ಎರಡು ದಾರಿಗಳಿರುವ ಊರು ಒಂದು ಕಡಿತವನ್ನು ತಾಳಿಕೊಳ್ಳುತ್ತದೆ.

ಅಭ್ಯಾಸ ಪ್ರಶ್ನೆಗಳು

1. ಸ್ವಿಚ್ ಮತ್ತು ರೂಟರ್‌ಗಳ ಕಾರ್ಯದಲ್ಲಿನ ವ್ಯತ್ಯಾಸವೇನು?
2. ಒಂದು ಹೋಬಳಿಯ 5 ಕಚೇರಿಗಳನ್ನು ಸಾಲು, ಉಂಗುರ ಮತ್ತು ಪೂರ್ಣ ಬಲೆ ಕ್ರಮಗಳಲ್ಲಿ ಬೆಸೆಯಲು ತಲಾ ಎಷ್ಟು ಕೊಂಡಿಗಳು ಬೇಕು? (ಉತ್ತರ: 4, 5, 10)
3. ಒಎನ್‌ಟಿಯಲ್ಲಿ ಕೆಂಪು ದೀಪವಿಲ್ಲ, ಇತರ ಜಾಲತಾಣಗಳು ತೆರೆಯುತ್ತಿವೆ, ಇ-ಸ್ವತ್ತು ಮಾತ್ರ ತೆರೆಯುತ್ತಿಲ್ಲ. ದೋಷ ಎಲ್ಲಿರಬಹುದು?
4. ನಿಮ್ಮ ಗ್ರಾಮ ಪಂಚಾಯಿತಿ ಕಚೇರಿಗೆ ಫೈಬರ್ ಯಾವ ರಸ್ತೆಯಿಂದ ಬಂದಿದೆ? ಎರಡನೆಯ ದಾರಿ ಇದೆಯೇ? ನಕ್ಷೆ ಬರೆದು ಗುರುತಿಸಿರಿ.